ಯಾರಿಂದ ಸ್ವತಂತ್ರ? ಬ್ರಿಟನ್ನಿನ ಕುಸ್ತಿ ಕಣಗಳ ಏಳುಬೀಳು

ಬ್ರಿಟನ್ನಿನ ವೃತ್ತಿಪರ ಕುಸ್ತಿಯ ಬಗ್ಗೆ ಮಾತನಾಡುವವರು 'ಸ್ವತಂತ್ರ' ಎಂಬ ಪದವನ್ನು ಬಹಳ ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಆದರೆ ಒಂದೊಂದು ಕಾಲದಲ್ಲಿ ಆ ಪದಕ್ಕೆ ಒಂದೊಂದು ಅರ್ಥವಿತ್ತು. 1955ರಲ್ಲಿ ಸ್ವತಂತ್ರ ಆಯೋಜಕನೆಂದರೆ ದೇಶದ ದೊಡ್ಡ ಆಯೋಜಕರು ಕಟ್ಟಿಕೊಂಡ ಕೂಟದಿಂದ ಹೊರಗುಳಿದವನು. 1995ರಲ್ಲಿ ಟಿವಿ ಕೈಬಿಟ್ಟ ಮೇಲೂ ಊರೂರು ತಿರುಗಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದವನು. 2015ರ ಹೊತ್ತಿಗೆ ಅಮೆರಿಕದ ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ಹಂಗಿಲ್ಲದೆ ತನ್ನದೇ ಪ್ರೇಕ್ಷಕರನ್ನು ಕಟ್ಟಿಕೊಂಡವನು. ಯಾರಿಂದ ಸ್ವತಂತ್ರ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ, ಹೊರಗಿನಿಂದ ಗೊಂದಲವಾಗಿ ಕಾಣುವ ಈ ಇತಿಹಾಸ ಸಾಕಷ್ಟು ತಿಳಿಯಾಗುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲಿ ಹೇಳುತ್ತಿರುವುದು ಒಲಿಂಪಿಕ್ಸ್ ಕುಸ್ತಿಯನ್ನಾಗಲಿ ನಮ್ಮ ಮಟ್ಟಿ ಕುಸ್ತಿಯನ್ನಾಗಲಿ ಕುರಿತಲ್ಲ. ಸೋಲು ಗೆಲುವು ಮೊದಲೇ ನಿಶ್ಚಯವಾಗಿದ್ದು, ಇಬ್ಬರು ಪೈಲ್ವಾನರು ಪರಸ್ಪರ ಸಹಕರಿಸಿ ಕಾಳಗವನ್ನು ಕಟ್ಟಿಕೊಡುವ ಪ್ರದರ್ಶನ ಕಲೆ ಇದು. ಹಾಗೆಂದು ಇದನ್ನು ಸುಳ್ಳೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೆನ್ನು ಬಡಿಯುವ ಹಲಗೆ ನಿಜ, ತಿರುಚಿದ ಮಣಿಕಟ್ಟು ನಿಜ, ಎದುರಾಳಿಯ ಜೀವವನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಅವನನ್ನು ಎತ್ತಿ ಒಗೆಯುವವನ ಹೊಣೆಗಾರಿಕೆಯೂ ನಿಜ.

ಕುಸ್ತಿ ಹೀಗೆ ಪ್ರದರ್ಶನವಾಗಿ ಬದಲಾಗಲು ಕಾರಣವೇನೆಂಬುದನ್ನು ನಮ್ಮ ಗಾಮಾ ಪೈಲ್ವಾನನ ಲಂಡನ್ ಕಾಳಗವೇ ಚೆನ್ನಾಗಿ ತೋರಿಸುತ್ತದೆ. 1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಅಮೆರಿಕದ ಬೆಂಜಮಿನ್ ರೋಲರ್‌ನನ್ನು ಕೆಡವಿ, ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊನ ಎದುರು ಕಣಕ್ಕಿಳಿದ. ಗಾಮಾನ ವೇಗಕ್ಕೆ ಹೆದರಿದ ಜ್ಬಿಸ್ಕೊ ನೆಲಕ್ಕೆ ಅಂಟಿಕೊಂಡು, ತನ್ನನ್ನು ಚಿತ್ ಮಾಡಲು ಅವಕಾಶವನ್ನೇ ಕೊಡದೆ ಎರಡೂವರೆ ಗಂಟೆ ಕಳೆದ. ಕಾಳಗ ಸಮವಾಯಿತು. ಒಂದು ವಾರದ ನಂತರದ ಮರುಪಂದ್ಯಕ್ಕೆ ಅವನು ಬರಲೇ ಇಲ್ಲವಾದ್ದರಿಂದ ಗಾಮಾನನ್ನು ವಿಜಯಿಯೆಂದು ಘೋಷಿಸಲಾಯಿತು. ಬಲ್ಲವರಿಗೆ ಗಾಮಾನ ಹಿರಿಮೆ ಅಲ್ಲಿಯೇ ತಿಳಿದಿರುತ್ತದೆ. ಆದರೆ ಹಣ ಕೊಟ್ಟು ಕುಳಿತ ಸಾಮಾನ್ಯ ಪ್ರೇಕ್ಷಕನ ಪಾಲಿಗೆ ನೆಲ ಕಚ್ಚಿ ಮಲಗಿದ ಒಬ್ಬ ದಢೂತಿ ಮನುಷ್ಯನನ್ನು ಎರಡೂವರೆ ಗಂಟೆ ನೋಡುವುದು ಸುಲಭದ ಕೆಲಸವಲ್ಲ. ನಿಜವಾದ ಕುಸ್ತಿಯನ್ನು ಟಿಕೆಟ್ ಇಟ್ಟು ಮಾರುವ ಕಷ್ಟ ಇಂತಹದು. 1930ರ ದಶಕದಲ್ಲಿ 'ಆಲ್ ಇನ್' ಎಂಬ ಹೆಸರಿನಲ್ಲಿ ಬಂದ ಹೊಸ ಬಗೆ ಇದಕ್ಕೆ ವಿರುದ್ಧ ತುದಿಗೆ ಹೋಯಿತು. ಅಲ್ಲಿ ಹೊಡೆತ, ಕೂಗಾಟ, ರಕ್ತ ಎಲ್ಲವೂ ಇದ್ದವು. ಕೊನೆಗೆ ಲಂಡನ್ನಿನ ಆಡಳಿತವೇ ಅದರ ಮೇಲೆ ನಿಷೇಧ ಹೇರಬೇಕಾಯಿತು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಡ್ಮಿರಲ್ ಲಾರ್ಡ್ ಮೌಂಟ್‌ಎವನ್ಸ್ ಅವರ ನೇತೃತ್ವದ ಸಮಿತಿಯೊಂದು ಈ ಆಟಕ್ಕೆ ನಿಯಮಗಳನ್ನು ರೂಪಿಸಿತು. ತೂಕಕ್ಕೆ ತಕ್ಕಂತೆ ಏಳು ವರ್ಗಗಳು, ಐದು ನಿಮಿಷದ ಸುತ್ತುಗಳು, ಎದುರಾಳಿಯನ್ನು ಎರಡು ಬಾರಿ ಕೆಡವಿದವನಿಗೆ ಜಯ, ತಪ್ಪೆಸಗಿದವನಿಗೆ ಬಹಿರಂಗ ಎಚ್ಚರಿಕೆ, ಮೂರನೆಯ ಎಚ್ಚರಿಕೆಗೆ ಅನರ್ಹತೆ. ಕೇಳಲು ಒಣ ನಿಯಮಗಳಂತೆ ಕಂಡರೂ ಬ್ರಿಟಿಷ್ ಕುಸ್ತಿಗೆ ತನ್ನದೇ ಆದ ಒಂದು ಚಹರೆ ಬಂದದ್ದು ಇವುಗಳಿಂದಲೇ. ಸುತ್ತುಗಳಿದ್ದುದರಿಂದ ಕಥೆಯನ್ನು ನಿಧಾನವಾಗಿ ಬೆಳೆಸಲು ಬಿಡುವಿತ್ತು. ತೂಕದ ವರ್ಗಗಳಿದ್ದುದರಿಂದ ಸಣ್ಣ ಮೈಕಟ್ಟಿನ ಚುರುಕಿನ ಪೈಲ್ವಾನನಿಗೂ ಜಾಗವಿತ್ತು. ಕದ್ದು ಮುಚ್ಚಿ ನಿಯಮ ಮುರಿಯುವವನು ಸಭಾಂಗಣದ ಸಿಟ್ಟಿಗೆಲ್ಲ ಗುರಿಯಾಗುತ್ತಿದ್ದನು. ಇಂಥವನನ್ನು ಕುಸ್ತಿಯವರು 'ಹೀಲ್' ಎಂದೂ ಸಜ್ಜನ ಪೈಲ್ವಾನನನ್ನು 'ಬ್ಲೂ ಐ' ಎಂದೂ ಕರೆಯುತ್ತಿದ್ದರು. ಈ ಎರಡನೆಯ ಮಾತು ಬ್ರಿಟನ್ನಿನವರದೇ.

1952ರಲ್ಲಿ ದೇಶದ ಪ್ರಮುಖ ಆಯೋಜಕರು ಸೇರಿ ಜಾಯಿಂಟ್ ಪ್ರಮೋಷನ್ಸ್ ಎಂಬ ಕೂಟವನ್ನು ಕಟ್ಟಿದರು. ಯಾವ ಊರಿನ ಸಭಾಂಗಣ ಯಾರದು, ಯಾವ ಪೈಲ್ವಾನ ಯಾವ ವಾರ ಎಲ್ಲಿ ಎಂಬುದನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಪಟ್ಟಗಳ ಮೇಲೂ ಹಕ್ಕು ಸಾಧಿಸಿದರು. ಈ ಕೂಟದ ಹೊರಗೆ ನಿಂತವರಿಗೆ ವಲಯದೊಳಗೆ 'ಆಪೊಸಿಷನ್' ಎಂಬ ಹೆಸರಿತ್ತು. ಅವರಲ್ಲಿ ನನಗೆ ಬಹಳ ಇಷ್ಟವಾದವನು ಆಸ್ಟ್ರೇಲಿಯಾದಿಂದ ಬಂದ ಪಾಲ್ ಲಿಂಕನ್. ಲಂಡನ್ನಿನ ಸೋಹೋದಲ್ಲಿ ಟೂ ಐಸ್ ಎಂಬ ಕಾಫಿ ಬಾರ್ ನಡೆಸುತ್ತಿದ್ದ ಈ ಮನುಷ್ಯ ರಾತ್ರಿ ಮುಖವಾಡ ಧರಿಸಿ 'ಡಾಕ್ಟರ್ ಡೆತ್' ಆಗಿ ಕಣಕ್ಕಿಳಿಯುತ್ತಿದ್ದ. ಬ್ರಿಟನ್ನಿನ ರಾಕ್ ಅಂಡ್ ರೋಲ್ ಸಂಗೀತ ಅಂಬೆಗಾಲಿಟ್ಟದ್ದು ಅದೇ ಕಾಫಿ ಬಾರಿನ ನೆಲಮಾಳಿಗೆಯಲ್ಲಿ. ಲಿಂಕನ್‌ನ ಪ್ರದರ್ಶನಗಳು ಜನಪ್ರಿಯವಾಗಿದ್ದವು. ಆದರೂ 1960ರ ದಶಕದ ನಡುವಿನ ಹೊತ್ತಿಗೆ ಅವನ ಸಂಸ್ಥೆ ದೊಡ್ಡ ಕೂಟದೊಳಗೆ ಸೇರಿಹೋಯಿತು. ಕೂಟದ ಕೈಯಲ್ಲಿ ಅವನ ಬಳಿಯಿಲ್ಲದ ಒಂದು ಅಸ್ತ್ರವಿತ್ತು. ಅದು ಟಿವಿ.

ಐಟಿವಿ ವಾಹಿನಿ ಶುರುವಾದ ಕೆಲವೇ ವಾರಗಳಲ್ಲಿ, 1955ರ ನವೆಂಬರ್ 9ರಂದು, ವೆಸ್ಟ್ ಹ್ಯಾಮ್‌ನ ಸಾರ್ವಜನಿಕ ಸ್ನಾನಗೃಹದ ಸಭಾಂಗಣದಿಂದ ಅದರ ಮೊದಲ ಕುಸ್ತಿ ಪ್ರಸಾರ ನಡೆಯಿತು. 1965ರಿಂದ ಅದು ವರ್ಲ್ಡ್ ಆಫ್ ಸ್ಪೋರ್ಟ್ ಎಂಬ ಶನಿವಾರದ ಕಾರ್ಯಕ್ರಮದ ಭಾಗವಾಯಿತು. ಸಂಜೆ ನಾಲ್ಕಕ್ಕೆ ಕುಸ್ತಿ, ಅದು ಮುಗಿಯುತ್ತಿದ್ದಂತೆ ಫುಟ್‌ಬಾಲ್ ಫಲಿತಾಂಶ. ಮಿಕ್ ಮೆಕ್‌ಮ್ಯಾನಸ್, ಜಾಕಿ ಪ್ಯಾಲೊ, ಮುಖವಾಡದ ಕೆಂಡೊ ನಾಗಸಾಕಿ ಮನೆಮಾತಾದರು. ಟಿವಿಗೆ ಪೈಲ್ವಾನರನ್ನು ಒದಗಿಸುವ ಹಕ್ಕು ಜಾಯಿಂಟ್ ಪ್ರಮೋಷನ್ಸ್‌ನದೇ ಆಗಿದ್ದರಿಂದ, ಸ್ವತಂತ್ರನಾಗಿರುವುದೆಂದರೆ ಕೋಟ್ಯಂತರ ಕಣ್ಣುಗಳಿಂದ ಮರೆಯಾಗಿರುವುದು ಎಂದೇ ಅರ್ಥವಾಯಿತು.

ಆ ಕಾಲದ ಕುಶಲತೆ ಎಂಥದ್ದೆಂದು ತಿಳಿಯಬೇಕಾದರೆ ಹಗುರ ತೂಕದ ಜಾನಿ ಸೇಂಟ್ ಅವರ ಒಂದು ಕಾಳಗವನ್ನು ನಿಧಾನವಾಗಿ ನೋಡಬೇಕು. ಎದುರಾಳಿ ಅವರ ಮಣಿಕಟ್ಟು ಹಿಡಿದು ತಿರುಚುತ್ತಾನೆ. ಸೇಂಟ್ ಎಳೆದಾಡುವುದಿಲ್ಲ; ತಿರುಚಿದ ದಿಕ್ಕಿನಲ್ಲೇ ಮುಂದಕ್ಕೆ ಉರುಳಿ, ಬೆನ್ನ ಮೇಲಿಂದ ಪುಟಿದೆದ್ದು ನಿಲ್ಲುತ್ತಾರೆ. ನೋಡುವಷ್ಟರಲ್ಲಿ ಎದುರಾಳಿಯ ಮಣಿಕಟ್ಟೇ ಅವರ ಕೈಯಲ್ಲಿರುತ್ತದೆ. ಇನ್ನೊಮ್ಮೆ ಅವರು ಕಣದ ನಡುವೆ ಮೊಣಕಾಲು ಮಡಚಿ, ತಲೆ ಒಳಗೆ ಸೇರಿಸಿ, ಮೈಯನ್ನೆಲ್ಲ ಚೆಂಡಿನಂತೆ ಮುದುರಿಕೊಂಡು ಕುಳಿತುಬಿಡುತ್ತಾರೆ. ಎದುರಾಳಿ ಸುತ್ತ ತಿರುಗಿ ನೋಡುತ್ತಾನೆ. ಕೈ ಹಾಕಲು ಕೈಯಿಲ್ಲ, ಕಾಲು ಹಿಡಿಯಲು ಕಾಲಿಲ್ಲ. ಕೊನೆಗೆ ಅವನು ಬಗ್ಗಿ ಎಲ್ಲೋ ಒಂದೆಡೆ ಕೈ ಹಾಕಿದ ಕ್ಷಣದಲ್ಲಿ ಆ ಚೆಂಡು ಬಿಚ್ಚಿಕೊಂಡು ಅವನನ್ನೇ ಉರುಳಿಸುತ್ತದೆ. ಹೊಡೆತವಿಲ್ಲ, ರಕ್ತವಿಲ್ಲ, ಆದರೂ ಸಭಾಂಗಣ ನಕ್ಕು ಚಪ್ಪಾಳೆ ತಟ್ಟುತ್ತದೆ. ಈ ವಿದ್ಯೆಯ ಬೇರು ಲ್ಯಾಂಕಾಷೈರ್‌ನ ಗಣಿ ಕಾರ್ಮಿಕರ ಕುಸ್ತಿಯಲ್ಲಿತ್ತು. ವಿಗನ್ ಪಟ್ಟಣದಲ್ಲಿ ಬಿಲ್ಲಿ ರೈಲಿ ನಡೆಸುತ್ತಿದ್ದ, ಮುಂದೆ ಸ್ನೇಕ್ ಪಿಟ್ ಎಂದು ಹೆಸರಾದ ತಗಡಿನ ಮಾಡಿನ ವ್ಯಾಯಾಮಶಾಲೆಯನ್ನು ನಮ್ಮ ಗರಡಿ ಮನೆಗಳ ಸೋದರ ಎಂದೇ ಕರೆಯಬಹುದು. ಅಲ್ಲಿ ಪಳಗಿದ ಬಿಲ್ಲಿ ರಾಬಿನ್ಸನ್, ಕಾರ್ಲ್ ಗಾಚ್ ಮುಂದೆ ಜಪಾನಿನಲ್ಲಿ ಗುರುಗಳಾದರು. ಗಾಚ್‌ನನ್ನು ಜಪಾನೀಯರು ಕುಸ್ತಿಯ ದೇವರೆಂದೇ ಕರೆದರು.

1970ರ ದಶಕದ ನಡುವಿನಲ್ಲಿ ಜಾಯಿಂಟ್ ಪ್ರಮೋಷನ್ಸ್‌ನಲ್ಲಿ ಯಾರ ಎದುರು ಯಾರೆಂದು ಜೋಡಿ ಕಟ್ಟುವ ಅಧಿಕಾರ ಮ್ಯಾಕ್ಸ್ ಕ್ರ್ಯಾಬ್‌ಟ್ರೀ ಕೈಗೆ ಬಂದ ಮೇಲೆ ಎಲ್ಲವೂ ಅವರ ಸೋದರ ಶರ್ಲಿ, ಅಂದರೆ ಬಿಗ್ ಡ್ಯಾಡಿಯ ಸುತ್ತ ತಿರುಗತೊಡಗಿತು. ಮಕ್ಕಳು ಅವರನ್ನು ಮನಸಾರೆ ಪ್ರೀತಿಸಿದರು. ಅದನ್ನು ಲಘುವಾಗಿ ಕಾಣಬಾರದು. 1981ರಲ್ಲಿ ವೆಂಬ್ಲಿ ಅರೀನಾದಲ್ಲಿ ಅವರು ಜಯಂಟ್ ಹೇಸ್ಟ್ಯಾಕ್ಸ್ ಎದುರು ನಡೆಸಿದ ಕಾಳಗ ಮೂರು ನಿಮಿಷವೂ ನಡೆಯಲಿಲ್ಲ, ಆದರೂ ಇಂದಿಗೂ ಜನರ ನೆನಪಿನಲ್ಲಿದೆ. ಆದರೆ ಒಬ್ಬ ವಯಸ್ಸಾದ ಭಾರೀ ಮನುಷ್ಯನ ಮೇಲೆ ಇಡೀ ವ್ಯವಹಾರ ನಿಂತಾಗ ಉಳಿದವರು ಬೆಳೆಯಲು ಜಾಗವಿಲ್ಲದಂತಾಯಿತು. ಡೈನಮೈಟ್ ಕಿಡ್ ಎಂಬ ಟಾಮ್ ಬಿಲ್ಲಿಂಗ್ಟನ್, ಡೇವಿ ಬಾಯ್ ಸ್ಮಿತ್, ಫಿಟ್ ಫಿನ್ಲೆ ಮುಂತಾದ ಪ್ರತಿಭಾವಂತರು ಒಬ್ಬೊಬ್ಬರಾಗಿ ಕೆನಡಾ, ಜಪಾನ್, ಅಮೆರಿಕಗಳತ್ತ ಹೊರಟರು. ವರ್ಲ್ಡ್ ಆಫ್ ಸ್ಪೋರ್ಟ್ 1985ರಲ್ಲಿ ನಿಂತಿತು. 1988ರ ಡಿಸೆಂಬರ್‌ನಲ್ಲಿ ಐಟಿವಿ ಕುಸ್ತಿಯನ್ನೇ ಕೈಬಿಟ್ಟಿತು.

ಅನಂತರದ ಹತ್ತು ಹನ್ನೆರಡು ವರ್ಷಗಳನ್ನು ಹಲವರು ಖಾಲಿ ಕಾಲವೆಂದು ದಾಟಿಬಿಡುತ್ತಾರೆ. ನನಗೆ ಇದು ಅನ್ಯಾಯವೆನಿಸುತ್ತದೆ. ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಉಪಗ್ರಹ ವಾಹಿನಿಯ ಮೂಲಕ ಮನೆಮನೆಗೆ ಬಂದಿತ್ತು ಎಂಬುದು ನಿಜ. 1992ರ ಆಗಸ್ಟ್‌ನಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 80,000 ಜನರ ಮುಂದೆ ಡೇವಿ ಬಾಯ್ ಸ್ಮಿತ್ ಬ್ರೆಟ್ ಹಾರ್ಟ್‌ನನ್ನು ಸೋಲಿಸಿದಾಗ ಗೆದ್ದವನು ಬ್ರಿಟಿಷ್ ಪೈಲ್ವಾನ, ಗಲ್ಲಾ ಪೆಟ್ಟಿಗೆ ಅಮೆರಿಕದ್ದು. ಆದರೆ ಅದೇ ವರ್ಷಗಳಲ್ಲಿ ಬ್ರಯನ್ ಡಿಕ್ಸನ್ ಎಂಬ ಆಯೋಜಕರು 1970ರಲ್ಲಿ ತಾವು ಆರಂಭಿಸಿದ್ದ, ಮುಂದೆ ಆಲ್ ಸ್ಟಾರ್ ಎಂದು ಹೆಸರಾದ ಸಂಸ್ಥೆಯನ್ನು ಕಡಲತೀರದ ರಂಗಮಂದಿರಗಳಲ್ಲೂ ಬಟ್ಲಿನ್ಸ್ ರಜಾ ಶಿಬಿರಗಳಲ್ಲೂ ವಾರಕ್ಕೆ ಹಲವು ಬಾರಿ ನಡೆಸುತ್ತಲೇ ಇದ್ದರು. ಟಿವಿಯಲ್ಲಿ ಕಂಡ ಅಮೆರಿಕದ ತಾರೆಯರ ವೇಷ ತೊಟ್ಟ ಸ್ಥಳೀಯ ಪೈಲ್ವಾನರನ್ನು ಕಣಕ್ಕಿಳಿಸುವ ಪ್ರದರ್ಶನಗಳೂ ಆಗ ಹೆಚ್ಚಾದವು. ಭಿತ್ತಿಪತ್ರ ನೋಡಿ ಬಂದ ಮಕ್ಕಳಿಗೆ ಸಿಗುತ್ತಿದ್ದುದು ನಕಲು. ಕಲೆಯ ಘನತೆಗೆ ಇದರಿಂದ ಪೆಟ್ಟು ಬಿತ್ತು. ಅದೇ ಹೊತ್ತಿನಲ್ಲಿ ಕೆಂಟ್‌ನಲ್ಲಿ ಆಂಡ್ರೆ ಬೇಕರ್ ಹ್ಯಾಮರ್‌ಲಾಕ್ ಎಂಬ ತರಬೇತಿ ಶಾಲೆ ನಡೆಸುತ್ತ ಹುಡುಗರಿಗೆ ಹಳೆಯ ಪಟ್ಟುಗಳನ್ನು ಕಲಿಸುತ್ತಿದ್ದರು. ನಾರ್ವಿಚ್‌ನಲ್ಲಿ ನೈಟ್ ಕುಟುಂಬ ತನ್ನದೇ ಸಂಸ್ಥೆ ಕಟ್ಟಿತ್ತು. ಬ್ಲ್ಯಾಕ್‌ಪೂಲ್‌ನ ಮನೋರಂಜನಾ ಉದ್ಯಾನದ ಕುಸ್ತಿ ಕಣದಲ್ಲಿ ಹದಿಹರೆಯದಲ್ಲೇ ಶುರು ಮಾಡಿದ ಡ್ಯಾರೆನ್ ಮ್ಯಾಥ್ಯೂಸ್, ವಿಲಿಯಂ ರೀಗಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ನೆಲೆಯೂರಿದ್ದರು. ಬೀಜ ಹಾಳಾಗದೆ ಉಳಿದದ್ದು ಹೀಗೆ.

ಪೋರ್ಟ್ಸ್‌ಮತ್‌ನ ಫ್ರಾಟನ್ ಬಡಾವಣೆಯ ಹೆಸರಿನಲ್ಲಿ ಹುಟ್ಟಿದ್ದ ಎಫ್‌ಡಬ್ಲ್ಯುಎ ಸಂಸ್ಥೆ ಹೊಸ ಶತಮಾನದ ಆರಂಭದಲ್ಲಿ ಡಗ್ ವಿಲಿಯಮ್ಸ್, ಜಾನಿ ಸ್ಟಾರ್ಮ್, ಜೋಡಿ ಫ್ಲೆಶ್ ಅವರಂಥ ಹೊಸ ತಲೆಮಾರನ್ನು ಮುಂದಿಟ್ಟಿತು. ಸುತ್ತುಗಳು ಮರೆಯಾಗಿ ಅಮೆರಿಕ, ಜಪಾನ್, ಮೆಕ್ಸಿಕೊಗಳ ವೇಗದ ಶೈಲಿ ಬಂತು. ಆದರೆ ಆಗಿನ ಹಲವು ಆಯೋಜಕರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದರು. ಅಮೆರಿಕದ ಹೆಸರಾಂತರನ್ನು ವಿಮಾನದಲ್ಲಿ ಕರೆಸಿದರೆ ಟಿಕೆಟ್ ಮಾರಾಟವಾಗುತ್ತದೆಂದು ನಂಬಿ, ಗಲ್ಲಾ ತುಂಬುವುದಕ್ಕಿಂತ ಹೆಚ್ಚು ಸುರಿದು ಕೈ ಸುಟ್ಟುಕೊಂಡರು. ಹೊರಗಿನಿಂದ ಬಂದವನು ಹೋದ ಮರುವಾರ ಪ್ರೇಕ್ಷಕನೂ ಬರುತ್ತಿರಲಿಲ್ಲ.

ಈ ಲೆಕ್ಕವನ್ನು ತಿರುವುಮುರುವು ಮಾಡಿದವರು 2010ರ ನಂತರದವರು. ಗ್ಲಾಸ್ಗೊದಲ್ಲಿ ಮಾರ್ಕ್ ಡಲ್ಲಾಸ್ 2006ರಲ್ಲಿ ಶುರು ಮಾಡಿದ್ದ ಐಸಿಡಬ್ಲ್ಯು, ನಗರದ ಆಡುಮಾತಿನಲ್ಲೇ ಬೈದಾಡುವ, ಮಕ್ಕಳಿಗಲ್ಲದ, ಒರಟು ಹಾಸ್ಯದ ಕುಸ್ತಿಯನ್ನು ರಾತ್ರಿ ಕ್ಲಬ್ಬುಗಳಿಗೆ ತಂದಿತು. 2014ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಅದನ್ನು ಹೊರಜಗತ್ತಿಗೆ ತೋರಿಸಿತು. 2016ರ ನವೆಂಬರ್‌ನಲ್ಲಿ ಗ್ಲಾಸ್ಗೊದ ಹೈಡ್ರೊ ಅರೀನಾದಲ್ಲಿ 6,000ಕ್ಕೂ ಹೆಚ್ಚು ಜನ ಸೇರಿದರು. ಲಂಡನ್ನಿನಲ್ಲಿ ಹಾಸ್ಯಗಾರ ಜಿಮ್ ಸ್ಮಾಲ್‌ಮನ್ ಮತ್ತು ಜಾನ್ ಬ್ರೈಲಿ 2012ರ ಮಾರ್ಚ್‌ನಲ್ಲಿ ಪ್ರೋಗ್ರೆಸ್ ಸಂಸ್ಥೆಯ ಮೊದಲ ಪ್ರದರ್ಶನವನ್ನು ಸಂಗೀತ ಕಛೇರಿಗಳು ನಡೆಯುವ ಒಂದು ಸಣ್ಣ ತಾಣದಲ್ಲಿ ಏರ್ಪಡಿಸಿದರು. ಪ್ರತಿ ಪ್ರದರ್ಶನವನ್ನೂ ಒಂದು 'ಅಧ್ಯಾಯ' ಎಂದು ಎಣಿಸಿ, ಹಿಂದಿನ ಕಥೆಯನ್ನು ಮುಂದಿನದಕ್ಕೆ ಪೋಣಿಸಿದರು. ಆ್ಯಂಡಿ ಕ್ವಿಲ್ಡನ್ ಅವರ ರೆವ್‌ಪ್ರೊ ಜಪಾನಿನ ನ್ಯೂ ಜಪಾನ್ ಸಂಸ್ಥೆಯೊಂದಿಗೆ ನಂಟು ಬೆಳೆಸಿತು. ಲಂಡನ್ನಿನಲ್ಲಿ ಮಹಿಳೆಯರ ಕುಸ್ತಿಗೆ 1970ರ ದಶಕದವರೆಗೂ ಇದ್ದ ನಿಷೇಧವನ್ನು ತೆಗೆಸಲು ಮಿಟ್ಸಿ ಮುಲ್ಲರ್ ಅಂಥವರು ಹೋರಾಡಬೇಕಾಗಿತ್ತು. ಈಗ ಎಮಿಲಿ ಮತ್ತು ಡ್ಯಾನ್ ರೀಡ್ ದಂಪತಿ 2010ರಲ್ಲಿ ಆರಂಭಿಸಿದ ಈವ್, ಮಹಿಳೆಯರೇ ಮುಖ್ಯ ಕಾಳಗವಾಗಿರುವ ಸಂಸ್ಥೆಯಾಗಿ ನೆಲೆ ನಿಂತಿತು.

ಈ ಪ್ರದರ್ಶನಗಳ ಹಿಂದಿನ ದುಡಿಮೆ ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ ಒಂದು ವ್ಯಾನ್ ಬಂದು ಸಭಾಂಗಣದ ಹಿಂಬಾಗಿಲಲ್ಲಿ ನಿಲ್ಲುತ್ತದೆ. ತರಬೇತಿಯಲ್ಲಿರುವ ಹುಡುಗ ಹುಡುಗಿಯರು ನಾಲ್ಕು ಉಕ್ಕಿನ ಕಂಬಗಳನ್ನು, ತೊಲೆಗಳನ್ನು, ಹಲಗೆಗಳನ್ನು ಹೊತ್ತು ತಂದು ಜೋಡಿಸುತ್ತಾರೆ. ಹಲಗೆಯ ಮೇಲೆ ತೆಳ್ಳನೆಯ ಮೆತ್ತೆ, ಅದರ ಮೇಲೆ ಬಿಗಿದ ಕ್ಯಾನ್ವಾಸು. ಕಣ ಸಿದ್ಧವಾದ ಮೇಲೆ ಬಾಗಿಲು ತೆರೆಯುವವರೆಗೆ ಸಿಗುವ ಅರ್ಧ ಗಂಟೆಯಲ್ಲಿ ಹಿರಿಯರೊಬ್ಬರು ಅವರಿಗೆ ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಬೇಕು, ತಲೆ ತಾಗಬಾರದು, ಬೆನ್ನಿನ ಮೇಲ್ಭಾಗ ಮತ್ತು ಎರಡೂ ಅಂಗೈ ಒಟ್ಟಿಗೆ ನೆಲಕ್ಕೆ ಬಡಿಯಬೇಕು. ರಾತ್ರಿ ಹನ್ನೊಂದಕ್ಕೆ ಜನ ಹೋದ ಮೇಲೆ ಅದೇ ಮಕ್ಕಳು ಎಲ್ಲವನ್ನೂ ಬಿಚ್ಚಿ ವ್ಯಾನಿಗೆ ತುಂಬುತ್ತಾರೆ. ಇದಕ್ಕೆ ಅನೇಕರಿಗೆ ಹಣ ಸಿಗುವುದಿಲ್ಲ. ಕಲಿಯುವ ಅವಕಾಶವೇ ಕೂಲಿ. ಈ ಪದ್ಧತಿಯಲ್ಲಿ ಒಂದು ಗುರುಕುಲದ ಸೊಗಸಿದೆ. ಗುರುವಿನ ಕೈಯಲ್ಲಿ ಅಳತೆ ಮೀರಿದ ಅಧಿಕಾರವೂ ಇದೆ. ಅದರ ಪರಿಣಾಮ ಮುಂದೆ ಕಾಣಿಸಿತು.

ಪ್ರೋಗ್ರೆಸ್ ಮುಂತಾದವು ಯಶಸ್ವಿಯಾದದ್ದು ತಂತ್ರಜ್ಞಾನದಿಂದಲೂ ಹೌದು. ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರಕ್ಕೆ ಭಿತ್ತಿಪತ್ರದ ಖರ್ಚಿಲ್ಲ, ಚಂದಾ ಕಟ್ಟಿದವರಿಗೆ ಅಂತರ್ಜಾಲದಲ್ಲೇ ದೃಶ್ಯ ತಲುಪಿಸಬಹುದು. ಟಿವಿಯವರ ಬಾಗಿಲು ತಟ್ಟದೆ ಪ್ರೇಕ್ಷಕನನ್ನು ಮುಟ್ಟುವ ದಾರಿ ಬ್ರಿಟಿಷ್ ಕುಸ್ತಿಗೆ ಸಿಕ್ಕಿದ್ದು ಇದೇ ಮೊದಲು. 2018ರ ಸೆಪ್ಟೆಂಬರ್‌ನಲ್ಲಿ ವೆಂಬ್ಲಿ ಅರೀನಾದಲ್ಲಿ ಪ್ರೋಗ್ರೆಸ್ 4,000ಕ್ಕೂ ಹೆಚ್ಚು ಜನರನ್ನು ಸೇರಿಸಿದಾಗ, ಯಾವ ವಾಹಿನಿಯ ಬೆಂಬಲವೂ ಇಲ್ಲದೆ ಅಲ್ಲಿಗೆ ತಲುಪಿದ್ದೇವೆಂಬ ಹೆಮ್ಮೆ ಆ ವಲಯದಲ್ಲಿತ್ತು. ಅದು ನ್ಯಾಯವಾದ ಹೆಮ್ಮೆ.

ಆದರೆ ಆ ಹೊತ್ತಿಗಾಗಲೇ ಡಬ್ಲ್ಯುಡಬ್ಲ್ಯುಇ ಒಳಗೆ ಬಂದಿತ್ತು. ಐಟಿವಿ 2016ರ ಕೊನೆಯ ದಿನ ವರ್ಲ್ಡ್ ಆಫ್ ಸ್ಪೋರ್ಟ್ ಹೆಸರಿನಲ್ಲಿ ವಿಶೇಷ ಕಾರ್ಯಕ್ರಮ ಪ್ರಸಾರ ಮಾಡಿತು. ಅದರ ಬೆನ್ನಲ್ಲೇ, 2017ರ ಜನವರಿಯಲ್ಲಿ, ಬ್ಲ್ಯಾಕ್‌ಪೂಲ್‌ನ ಎಂಪ್ರೆಸ್ ಬಾಲ್‌ರೂಮ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಎರಡು ದಿನಗಳ ಪಂದ್ಯಾವಳಿ ನಡೆಸಿತು. 19 ವರ್ಷದ ಟೈಲರ್ ಬೇಟ್ ಅಂತಿಮ ಕಾಳಗದಲ್ಲಿ ಪೀಟ್ ಡನ್‌ನನ್ನು ಸೋಲಿಸಿ ಪಟ್ಟ ಗೆದ್ದನು. ಮೊದಲಿಗೆ ಒಪ್ಪಂದಗಳು ಸಡಿಲವಾಗಿದ್ದವು. ಸಂಬಳ ಅಮೆರಿಕದಿಂದ, ವಾರಾಂತ್ಯದ ಕುಸ್ತಿ ಊರಿನ ಸಭಾಂಗಣಗಳಲ್ಲೇ. 2018ರ ಅಕ್ಟೋಬರ್‌ನಲ್ಲಿ ಡಬ್ಲ್ಯುಡಬ್ಲ್ಯುಇಯ ಬ್ರಿಟಿಷ್ ಶಾಖೆಯಾದ ಎನ್‌ಎಕ್ಸ್‌ಟಿ ಯುಕೆ ಪ್ರಸಾರ ಶುರುವಾಗಿ, 2019ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ತರಬೇತಿ ಕೇಂದ್ರ ತೆರೆದ ಮೇಲೆ ಹಗ್ಗ ಬಿಗಿಯಾಯಿತು. ಒಪ್ಪಂದದಲ್ಲಿದ್ದವರು ಸಂಸ್ಥೆ ಒಪ್ಪಿದ ಕಡೆ ಮಾತ್ರ ಕಣಕ್ಕಿಳಿಯಬಹುದಿತ್ತು. ಪ್ರೇಕ್ಷಕರು ನೋಡಲು ಬರುತ್ತಿದ್ದ ಹೆಸರುಗಳೇ ಸಣ್ಣ ಆಯೋಜಕರ ಕೈತಪ್ಪಿದವು. ಪೈಲ್ವಾನರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ವಾರಾಂತ್ಯಕ್ಕೆ ಸಿಗುವ ಪುಡಿಗಾಸಿನಲ್ಲಿ ಬದುಕುತ್ತಿದ್ದವರಿಗೆ ತಿಂಗಳ ಸಂಬಳ, ವೈದ್ಯರ ನೆರವು ಸಿಕ್ಕಾಗ ಬೇಡವೆನ್ನುವುದು ಹೇಗೆ? ಆದರೆ 1950ರ ದಶಕದ ಜಾಯಿಂಟ್ ಪ್ರಮೋಷನ್ಸ್ ಮಾಡಿದ್ದನ್ನೇ ಇನ್ನೊಂದು ಸಂಸ್ಥೆ ಸಾಗರದಾಚೆಯಿಂದ ಮಾಡಿತ್ತು ಎಂಬುದನ್ನು ಗಮನಿಸಬೇಕು. ಎನ್‌ಎಕ್ಸ್‌ಟಿ ಯುಕೆ 2022ರಲ್ಲಿ ಮುಚ್ಚಿತು. ಹಲವರು ಒಮ್ಮೆಲೇ ಕೆಲಸ ಕಳೆದುಕೊಂಡರು.

ಅದಕ್ಕೂ ಮೊದಲು, 2020ರಲ್ಲಿ, ಕೋವಿಡ್‌ನಿಂದ ಸಭಾಂಗಣಗಳೆಲ್ಲ ಮುಚ್ಚಿದ್ದಾಗ ಬಂದ ಆಘಾತ ಬೇರೆ ಬಗೆಯದು. ಆ ಜೂನ್‌ನಲ್ಲಿ 'ಸ್ಪೀಕಿಂಗ್ ಔಟ್' ಎಂಬ ಹೆಸರಿನಡಿ ಕುಸ್ತಿ ವಲಯದ ಅನೇಕ ಮಹಿಳೆಯರೂ ಕೆಲವು ಪುರುಷರೂ ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯ, ಬೆದರಿಕೆ, ಅಧಿಕಾರದ ದುರ್ಬಳಕೆಗಳನ್ನು ಬಹಿರಂಗವಾಗಿ ಹೇಳಿದರು. ಕಲಿಯಲು ಬಂದ ಎಳೆಯರಿಗೂ ಕಲಿಸುವವರಿಗೂ ನಡುವಿನ ಅಂತರ, ಒಂದೇ ವ್ಯಾನಿನ ರಾತ್ರಿ ಪ್ರಯಾಣ, 'ಮಾತಾಡಿದರೆ ಇನ್ನೆಂದೂ ಕರೆಯುವುದಿಲ್ಲ' ಎಂಬ ಭಯ ಇವೆಲ್ಲ ಒಟ್ಟಿಗೆ ಹೊರಬಂದವು. ಸಂಸ್ಥೆಗಳು ಹಲವರೊಂದಿಗೆ ಸಂಬಂಧ ಕಡಿದುಕೊಂಡವು, ಕೆಲವು ಮತ್ತೆ ಬಾಗಿಲು ತೆರೆಯಲಿಲ್ಲ.

ಆಗ ಎದ್ದ ಪ್ರಶ್ನೆ ಸರಳವಾಗಿತ್ತು: ದೂರು ಕೊಡುವುದು ಯಾರಿಗೆ? ಬಾಕ್ಸಿಂಗ್‌ಗೆ ನಿಯಂತ್ರಣ ಮಂಡಳಿಯಿದೆ, ರಂಗಭೂಮಿಗೆ ಕಲಾವಿದರ ಸಂಘವಿದೆ. ವೃತ್ತಿಪರ ಕುಸ್ತಿಯನ್ನು ಕ್ರೀಡೆಯವರು ನಾಟಕವೆಂದರು, ನಾಟಕದವರು ಕ್ರೀಡೆಯೆಂದರು. ಸಂಸದರ ಸರ್ವಪಕ್ಷ ಗುಂಪೊಂದು ಈ ವಿಷಯವನ್ನು ಕೈಗೆತ್ತಿಕೊಂಡು 2021ರಲ್ಲಿ ವರದಿ ನೀಡಿತು. ಎರಡರ ನಡುವೆ ಬಿದ್ದುಹೋದ ಈ ವೃತ್ತಿಯಲ್ಲಿ ತರಬೇತಿ ಶಾಲೆಗಳ ಮಕ್ಕಳ ರಕ್ಷಣೆ, ತಲೆಗೆ ಬೀಳುವ ಪೆಟ್ಟಿನ ಚಿಕಿತ್ಸೆ ಇವಕ್ಕೆಲ್ಲ ಕನಿಷ್ಠ ಕಟ್ಟಳೆಗಳು ಬೇಕೆಂದು ಅದು ಹೇಳಿತು. 1947ರ ಸಮಿತಿ ಕಣದ ಒಳಗಿನ ನಿಯಮಗಳನ್ನು ಬರೆದಿತ್ತು. ಕಣದ ಹೊರಗಿನ ನಿಯಮಗಳ ಬಗ್ಗೆ ಯಾರಾದರೂ ಗಂಭೀರವಾಗಿ ಕುಳಿತು ಯೋಚಿಸಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಯಾರ ಅಂಕೆಗೂ ಸಿಗದೆ ಇರುವುದನ್ನೇ ಸ್ವಾತಂತ್ರ್ಯವೆಂದು ಕೊಂಡಾಡುತ್ತಿದ್ದ ವಲಯಕ್ಕೆ, ಯಾರಿಗೂ ಉತ್ತರ ಕೊಡಬೇಕಿಲ್ಲದಿರುವುದರ ಬೆಲೆ ಏನೆಂದು ತಿಳಿದದ್ದು ಆಗಲೇ. ಈಗ ಅನೇಕ ಶಾಲೆಗಳು ತರಬೇತುದಾರರ ಹಿನ್ನೆಲೆ ಪರಿಶೀಲಿಸುತ್ತವೆ, ಮಕ್ಕಳ ರಕ್ಷಣಾ ನೀತಿಯನ್ನು ಬಹಿರಂಗವಾಗಿ ಪ್ರಕಟಿಸುತ್ತವೆ. ಆದರೆ ಇದೆಲ್ಲ ಬಹುಪಾಲು ಅವರವರ ಮನಸ್ಸಿಗೆ ಬಿಟ್ಟದ್ದು.

ಇಂದಿನ ಚಿತ್ರದಲ್ಲಿ ಎರಡು ಅಳತೆಗಳು ಒಟ್ಟಿಗೆ ಇವೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಇನ್ನೊಂದು ಕುಸ್ತಿ ಸಂಸ್ಥೆ ಎಇಡಬ್ಲ್ಯು ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆಸಿದ ಪ್ರದರ್ಶನಕ್ಕೆ 80,000ಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವೆಂದು ಆ ಸಂಸ್ಥೆ ಪ್ರಕಟಿಸಿತು. ಬ್ರಿಟನ್ನಿನ ಸಣ್ಣ ಕಣಗಳಲ್ಲಿ ಬೆಳೆದ ವಿಲ್ ಓಸ್ಪ್ರೇ ಅಂದು ಆ ಜನಸಾಗರದ ಮುಂದೆ ಕಣಕ್ಕಿಳಿದರು. ಹ್ಯಾಮರ್‌ಲಾಕ್ ಶಾಲೆಯಲ್ಲಿ ಹುಡುಗನಾಗಿ ಪಟ್ಟು ಕಲಿತ, ಕೆಂಟ್‌ನ ಶೆಪ್ಪಿ ದ್ವೀಪದ ಝ್ಯಾಕ್ ಸೇಬರ್ ಜೂನಿಯರ್ 2024ರ ಅಕ್ಟೋಬರ್‌ನಲ್ಲಿ ನ್ಯೂ ಜಪಾನ್ ಸಂಸ್ಥೆಯ ಅತ್ಯುನ್ನತ ಪಟ್ಟವನ್ನು ಗೆದ್ದರು. ಮಣಿಕಟ್ಟು ಹಿಡಿಸಿಕೊಂಡು ಉರುಳಿ ತಪ್ಪಿಸಿಕೊಳ್ಳುವ ಅವರ ಆಟದಲ್ಲಿ ಜಾನಿ ಸೇಂಟ್ ಅವರ ನೆರಳನ್ನು ಕಾಣದೆ ಇರಲು ಸಾಧ್ಯವಿಲ್ಲ.

ಇನ್ನೊಂದು ಅಳತೆ ಸಣ್ಣದು. ಬ್ರಯನ್ ಡಿಕ್ಸನ್ 2023ರಲ್ಲಿ ತೀರಿಕೊಂಡರು. ಅವರ ಕುಟುಂಬದವರು ಆಲ್ ಸ್ಟಾರ್ ಅನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಅದರ ಕಣ ಏಳುವುದು ಇಂದಿಗೂ ಊರೂರಿನ ಅವೇ ಹಳೆಯ ರಂಗಮಂದಿರಗಳಲ್ಲಿ. ಅಜ್ಜಂದಿರು ಮೊಮ್ಮಕ್ಕಳನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಹೀಲ್ ಹಿಂದಿನಿಂದ ಬರುತ್ತಿದ್ದಾನೆಂದು ಆ ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಾರೆ, ಕಣದ ಒಳಗಿರುವ ಬ್ಲೂ ಐಗೆ ಮಾತ್ರ ಅದು ಕೇಳಿಸುವುದೇ ಇಲ್ಲ.